ಗುಣಿಸಬೇಕೋ, ಭಾಗಿಸಬೇಕೋ? ಶೇಕಡಾ ಲೆಕ್ಕಗಳನ್ನು ಬೀಜಗಣಿತದಿಂದ ಬಿಡಿಸುವ ಬಗೆ

ಶೇಕಡಾ ಲೆಕ್ಕಗಳ ಬಗ್ಗೆ ನನ್ನನ್ನು ಕೇಳುವವರ ಮಾತು ಬೇರೆ ಬೇರೆಯಾದರೂ ತಿರುಳು ಒಂದೇ: ‘ಸೂತ್ರವೆಲ್ಲ ಬಾಯಿಪಾಠವಿದೆ. ಲೆಕ್ಕ ಎದುರಿಗೆ ಬಂದಾಗ ಮಾತ್ರ ಗುಣಿಸಬೇಕೋ ಭಾಗಿಸಬೇಕೋ ತಿಳಿಯುವುದಿಲ್ಲ.’ ಹೀಗೆ ಕೇಳುವವರಲ್ಲಿ ಹೈಸ್ಕೂಲು ಮಕ್ಕಳಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿದ್ದಾರೆ, ಮಕ್ಕಳಿಗೆ ಹೇಳಿಕೊಡಲು ಕೂತು ತಾವೇ ತಡವರಿಸಿದ ತಂದೆತಾಯಂದಿರೂ ಇದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಗುಣಿಸುವುದೋ ಭಾಗಿಸುವುದೋ ಎಂದು ನೀವು ತೀರ್ಮಾನಿಸುವ ಅಗತ್ಯವೇ ಇಲ್ಲ. ಲೆಕ್ಕದ ವಾಕ್ಯವನ್ನು ಅದು ಇದ್ದ ಹಾಗೆಯೇ ಸಮೀಕರಣವಾಗಿ ಬರೆದುಕೊಳ್ಳಿ. ಮುಂದೆ ಏನು ಮಾಡಬೇಕೆಂದು ಸಮೀಕರಣವೇ ಹೇಳುತ್ತದೆ. ನೀವು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಶೇಕಡಾ ಯಾವುದರ ಶೇಕಡಾ? ತಪ್ಪಾದ ಹತ್ತು ಲೆಕ್ಕಗಳನ್ನು ಬಿಚ್ಚಿ ನೋಡಿದರೆ ಎಂಟೊಂಬತ್ತರಲ್ಲಿ ಕೂಡಿಸುವುದು, ಗುಣಿಸುವುದು ಎಲ್ಲ ಸರಿಯಾಗಿಯೇ ಇರುತ್ತದೆ. ಎಡವಿರುವುದು ಈ ‘ಯಾವುದರ’ ಎಂಬಲ್ಲಿ.

ಮೊದಲು ಬೇಕಾದವು

ಪೆನ್ಸಿಲು, ಕಾಗದ ಮತ್ತು ನಾಲ್ಕು ಪದಗಳ ಪರಿಚಯ. ಕ್ಯಾಲ್ಕುಲೇಟರ್ ಇದ್ದರೆ ಇರಲಿ, ಆದರೆ ಅದನ್ನು ಕೊನೆಯಲ್ಲಿ ಮುಟ್ಟಿ.

ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂದು. ಶೇ 35 ಎಂದರೆ 35/100, ಅಂದರೆ 0.35. ಬೀಜಗಣಿತಕ್ಕೆ ಇಳಿಯುವ ಮೊದಲು ಪ್ರತಿಯೊಂದು ಶೇಕಡಾವನ್ನೂ ಹೀಗೆ ದಶಮಾಂಶಕ್ಕೆ ಬದಲಿಸಿಕೊಳ್ಳಿ. ಇಲ್ಲೇ ಮೊದಲ ಗುಂಡಿ ಇದೆ: ಶೇ 7 ಎಂದರೆ 0.07, ಬಹಳ ಮಂದಿ ಅವಸರದಲ್ಲಿ 0.7 ಎಂದು ಬರೆಯುತ್ತಾರೆ, ಅದು ಶೇ 70 ಆಗುತ್ತದೆ. ಶೇ 12.5 ಎಂದರೆ 0.125. ಶೇ 0.5 ಎಂದರೆ 0.005, ಅರ್ಧವಲ್ಲ. ಶೇ 150 ಎಂದರೆ 1.5. ನೂರನ್ನು ದಾಟಿದ ಶೇಕಡಾ ಕಂಡು ಗಾಬರಿಯಾಗಬೇಡಿ; ಮೂಲಕ್ಕಿಂತ ದೊಡ್ಡದು ಎಂದಷ್ಟೇ ಅದರ ಅರ್ಥ.

ಮೂಲ: ಯಾವುದನ್ನು ನೂರು ಎಂದು ಇಟ್ಟುಕೊಂಡು ಶೇಕಡಾ ಹೇಳಲಾಗಿದೆಯೋ ಅದು.

ಅವ್ಯಕ್ತ: ಗೊತ್ತಿಲ್ಲದ, ಕಂಡುಹಿಡಿಯಬೇಕಾದ ಸಂಖ್ಯೆ. ಪಠ್ಯಪುಸ್ತಕಗಳು ಇದಕ್ಕೆ ಇಂಗ್ಲಿಷ್ ಅಕ್ಷರ ಬಳಸುತ್ತವೆ, ನಾನು ಇಲ್ಲಿ ‘ಯ’ ಎಂದು ಬರೆಯುತ್ತೇನೆ. ಇದು ನನ್ನ ಹೊಸ ಚಾಳಿಯೇನಲ್ಲ. ಭಾರತದ ಹಳೆಯ ಗಣಿತಜ್ಞರು ಅವ್ಯಕ್ತವನ್ನು ‘ಯಾವತ್ ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂದು ಕರೆದು, ಅದರ ಮೊದಲ ಅಕ್ಷರ ‘ಯಾ’ ಎಂಬುದನ್ನೇ ಗುರುತಾಗಿ ಬಳಸುತ್ತಿದ್ದರು. ಎಷ್ಟೋ ಅಷ್ಟು! ಅವ್ಯಕ್ತಕ್ಕೆ ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಕೇಳಿಲ್ಲ.

ಸಮೀಕರಣ: ಎಡಪಕ್ಷವೂ ಬಲಪಕ್ಷವೂ ಸಮ ಎಂದು ಹೇಳುವ ವಾಕ್ಯ. ಎರಡೂ ಪಕ್ಷಗಳನ್ನು ಒಂದೇ ಸಂಖ್ಯೆಯಿಂದ ಗುಣಿಸಬಹುದು, ಸೊನ್ನೆಯಲ್ಲದ ಒಂದೇ ಸಂಖ್ಯೆಯಿಂದ ಭಾಗಿಸಬಹುದು, ಒಂದೇ ಸಂಖ್ಯೆಯನ್ನು ಎರಡಕ್ಕೂ ಕೂಡಿಸಬಹುದು ಅಥವಾ ಎರಡರಿಂದಲೂ ಕಳೆಯಬಹುದು. ಈ ಲೇಖನಕ್ಕೆ ಇಷ್ಟು ಬೀಜಗಣಿತ ಸಾಕು.

ಹಂತ 1: ಪ್ರತಿ ಶೇಕಡಾದ ಪಕ್ಕದಲ್ಲಿ ‘ಯಾವುದರ?’ ಎಂದು ಬರೆಯಿರಿ

ಲೆಕ್ಕವನ್ನು ಒಮ್ಮೆ ಪೂರ್ತಿ ಓದಿ. ಎರಡನೇ ಸಲ ಓದುವಾಗ ಶೇಕಡಾ ಕಂಡಲ್ಲೆಲ್ಲ ಕೆಳಗೆ ಗೆರೆ ಎಳೆದು ಅದರ ಮೂಲವನ್ನು ಒಂದೆರಡು ಪದಗಳಲ್ಲಿ ಪಕ್ಕದಲ್ಲೇ ಬರೆಯಿರಿ: ‘ಒಟ್ಟು ಪುಟಗಳ’, ‘ಹಳೆಯ ಬೆಲೆಯ’, ‘ಉಳಿದವರ’. ಇದು ಮಕ್ಕಳಾಟದಂತೆ ಕಾಣಬಹುದು. ಆದರೂ ಬಿಡಬೇಡಿ. ಈ ಉದಾಹರಣೆ ನೋಡಿ:

ಒಬ್ಬಳು ಮೊದಲ ದಿನ ಪುಸ್ತಕದ ಶೇ 40ರಷ್ಟು ಓದಿದಳು. ಎರಡನೇ ದಿನ ಉಳಿದುದರಲ್ಲಿ ಶೇ 40ರಷ್ಟು ಓದಿದಳು. ಇನ್ನೂ 108 ಪುಟಗಳಿವೆ. ಪುಸ್ತಕದಲ್ಲಿ ಎಷ್ಟು ಪುಟ?

ಎರಡು ಕಡೆ ಶೇ 40 ಇದೆ, ಆದರೆ ಅವು ಒಂದೇ ಅಲ್ಲ. ಮೊದಲನೆಯದು ‘ಪುಸ್ತಕದ’, ಎರಡನೆಯದು ‘ಉಳಿದುದರ’. ಇದನ್ನು ಗಮನಿಸದವರು 40 ಮತ್ತು 40 ಕೂಡಿಸಿ, ಶೇ 20 ಉಳಿಯಿತು ಎಂದು 540 ಪುಟಗಳ ಪುಸ್ತಕ ಮಾಡುತ್ತಾರೆ. ಸರಿಯಾದ ದಾರಿ ಹೀಗೆ: ಒಟ್ಟು ಪುಟ ಯ. ಮೊದಲ ದಿನದ ನಂತರ ಉಳಿದದ್ದು 0.6 ಯ. ಎರಡನೇ ದಿನ ಅದರಲ್ಲಿ ಶೇ 40 ಹೋಗಿ ಶೇ 60 ಉಳಿಯಿತು.

0.6 × 0.6 ಯ = 108
0.36 ಯ = 108
ಯ = 300

ಸರಿಯೇ? 300ರಲ್ಲಿ 120 ಓದಿದಳು, 180 ಉಳಿಯಿತು. 180ರ ಶೇ 40 ಎಂದರೆ 72; ಉಳಿದದ್ದು 108. ಸರಿ.

ಹಂತ 2: ಯ ಎಂದರೇನೆಂದು ಪೂರ್ತಿ ವಾಕ್ಯದಲ್ಲಿ ಬರೆಯಿರಿ

‘ಯ = ಬೆಲೆ’ ಎಂದರೆ ಸಾಲದು. ಹಳೆಯ ಬೆಲೆಯೋ, ಹೊಸದೋ? ‘ಯ = ಇಳಿಕೆಗೆ ಮೊದಲಿನ ಬೆಲೆ’ ಎಂದು ಬರೆಯಿರಿ. ಅಳತೆಯ ಏಕಮಾನವಿದ್ದರೆ ಅದನ್ನೂ ಸೇರಿಸಿ.

ಯಾವುದನ್ನು ಯ ಎಂದು ಕರೆಯಬೇಕು ಎಂಬುದಕ್ಕೆ ನನ್ನದೊಂದು ನಿಯಮವಿದೆ: ಮೂಲ ಗೊತ್ತಿಲ್ಲದಿದ್ದರೆ ಮೂಲವನ್ನೇ ಯ ಎನ್ನಿ, ಪ್ರಶ್ನೆ ಬೇರೇನನ್ನೋ ಕೇಳಿದ್ದರೂ ಸಹ. ಉದಾಹರಣೆಗೆ: ಮೊದಲ ಕೋಲು ಎರಡನೆಯದಕ್ಕಿಂತ ಶೇ 25ರಷ್ಟು ಉದ್ದ. ಎರಡರ ಉದ್ದವೂ ಸೇರಿ 180 ಸೆಂಟಿಮೀಟರ್. ಮೊದಲ ಕೋಲಿನ ಉದ್ದವೆಷ್ಟು?

ಕೇಳಿರುವುದು ಮೊದಲ ಕೋಲನ್ನು, ಹಾಗಾಗಿ ಅದನ್ನೇ ಯ ಎನ್ನಲು ಕೈ ತುಡಿಯುತ್ತದೆ. ಹಾಗೆ ಮಾಡಿದವರು ಎರಡನೆಯದನ್ನು 0.75 ಯ ಎಂದು ಬರೆದುಬಿಡುತ್ತಾರೆ, ಉತ್ತರ 102.86 ಎಂದು ಏನೇನೋ ಬರುತ್ತದೆ. ಶೇ 25 ಎಂಬುದು ಎರಡನೆಯ ಕೋಲಿನ ಶೇಕಡಾ, ಮೊದಲನೆಯದರದ್ದಲ್ಲ. ಎರಡನೆಯದನ್ನು ಯ ಎಂದರೆ ಮೊದಲನೆಯದು 1.25 ಯ.

ಯ + 1.25 ಯ = 180
2.25 ಯ = 180
ಯ = 80

ಇಲ್ಲಿ ನಿಲ್ಲಿಸಬೇಡಿ. ಯ ಎರಡನೆಯ ಕೋಲು. ಕೇಳಿದ್ದು ಮೊದಲನೆಯದು: 100 ಸೆಂಟಿಮೀಟರ್. ಬಹು ಆಯ್ಕೆಯ ಪ್ರಶ್ನೆಪತ್ರಿಕೆಗಳಲ್ಲಿ 80 ಕೂಡ ಒಂದು ಆಯ್ಕೆಯಾಗಿ ನಿಮಗಾಗಿ ಕಾದು ಕುಳಿತಿರುತ್ತದೆ.

ಹಂತ 3: ವಿಭಕ್ತಿ ಪ್ರತ್ಯಯಗಳನ್ನು ಚಿಹ್ನೆಗಳಾಗಿ ಓದಿ

ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರೋಣ. ಕನ್ನಡದಲ್ಲಿ ಲೆಕ್ಕ ಮಾಡುವವರಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ವ್ಯಾಕರಣ ತರಗತಿಯಲ್ಲಿ ಉರು ಹೊಡೆದ ವಿಭಕ್ತಿ ಪ್ರತ್ಯಯಗಳೇ ಇಲ್ಲಿ ಗಣಿತದ ಚಿಹ್ನೆಗಳಾಗಿ ಕೆಲಸ ಮಾಡುತ್ತವೆ.

‘ರ’, ‘ದ’, ‘ಯ’, ‘ನ’ ಎಂಬ ಷಷ್ಠಿ ಪ್ರತ್ಯಯ ಶೇಕಡಾದ ಹಿಂದೆಯೇ ಬಂದರೆ ಗುಣಾಕಾರ. ‘240ರ ಶೇ 35’ ಎಂದರೆ 0.35 × 240. ಪ್ರತ್ಯಯ ಹತ್ತಿದ ಪದವೇ ಮೂಲ.

‘ಅಲ್ಲಿ’ ಎಂಬ ಸಪ್ತಮಿಯೂ ಇದೇ ಕೆಲಸ ಮಾಡುತ್ತದೆ: ‘ವಿದ್ಯಾರ್ಥಿಗಳಲ್ಲಿ ಶೇ 60 ಮಂದಿ’ ಎಂದರೆ 0.6 × ವಿದ್ಯಾರ್ಥಿಗಳ ಸಂಖ್ಯೆ.

‘ಗಿಂತ’ ಬಂದರೆ ಅದರ ಹಿಂದಿನ ಪದ ಮೂಲ. ‘ಕಳೆದ ವರ್ಷಕ್ಕಿಂತ ಶೇ 8 ಹೆಚ್ಚು’ ಎಂದಾಗ ಕಳೆದ ವರ್ಷದ ಸಂಖ್ಯೆ ಯ, ಈ ವರ್ಷದ್ದು 1.08 ಯ.

‘ಆಗಿದೆ’, ‘ಆಯಿತು’, ‘ಎಂದರೆ’, ‘ಸಮ’, ‘ಉಳಿಯಿತು’ ಇವೆಲ್ಲ ಸಾಮಾನ್ಯವಾಗಿ ಸಮಚಿಹ್ನೆ ಬೀಳುವ ಜಾಗಗಳು.

ಈಗ ಎಲ್ಲರನ್ನೂ ಬೀಳಿಸುವ ಜೋಡಿ: ‘ರಷ್ಟು’ ಮತ್ತು ‘ಕ್ಕೆ’. ಈ ಎರಡು ವಾಕ್ಯಗಳನ್ನು ನಿಧಾನವಾಗಿ ಓದಿ.

ತೊಟ್ಟಿಯ ನೀರು ಶೇ 20ರಷ್ಟು ಇಳಿಯಿತು.
ತೊಟ್ಟಿಯ ನೀರು ಶೇ 20ಕ್ಕೆ ಇಳಿಯಿತು.

ತುಂಬಿದ ತೊಟ್ಟಿಯಲ್ಲಿ 5,000 ಲೀಟರ್ ಇತ್ತು ಎನ್ನಿ. ಮೊದಲ ವಾಕ್ಯದ ಪ್ರಕಾರ ಹೋದದ್ದು 1,000 ಲೀಟರ್, ಉಳಿದದ್ದು 4,000. ಎರಡನೆಯದರ ಪ್ರಕಾರ ಉಳಿದದ್ದೇ 1,000. ‘ರಷ್ಟು’ ಬದಲಾವಣೆಯ ಗಾತ್ರವನ್ನು ಹೇಳುತ್ತದೆ, ‘ಕ್ಕೆ’ ತಲುಪಿದ ಜಾಗವನ್ನು ಹೇಳುತ್ತದೆ. ಸಮೀಕರಣದಲ್ಲಿ ಒಂದು 0.8 ಯ, ಇನ್ನೊಂದು 0.2 ಯ. ಕಣ್ಣು ಓಡಿಸಿಕೊಂಡು ಓದುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಪ್ರತ್ಯಯದ ಕೆಳಗೂ ಒಂದು ಗೆರೆ ಎಳೆಯಿರಿ.

ಏರಿಕೆ, ಇಳಿಕೆ ಬಂದಾಗ ಎರಡು ಸಾಲುಗಳಲ್ಲಿ ಲೆಕ್ಕ ಮಾಡುವ ಅಭ್ಯಾಸವನ್ನು ಬಿಟ್ಟುಬಿಡುವುದು ಒಳ್ಳೆಯದು. ‘ಶೇ 15 ಕಂಡುಹಿಡಿದು, ಆಮೇಲೆ ಕಳೆ’ ಎನ್ನುವುದಕ್ಕಿಂತ ನೇರವಾಗಿ 0.85ರಿಂದ ಗುಣಿಸಿ. ಈ 0.85ನ್ನು ಗುಣಕ ಎನ್ನೋಣ: ಏರಿಕೆಯಾದರೆ 1ಕ್ಕೆ ಕೂಡಿಸಿ, ಇಳಿಕೆಯಾದರೆ 1ರಿಂದ ಕಳೆಯಿರಿ. ಮೂಲ ಗೊತ್ತಿಲ್ಲದ ಲೆಕ್ಕಗಳಲ್ಲಿ ಈ ಗುಣಕವೇ ನಿಮ್ಮನ್ನು ಕಾಪಾಡುತ್ತದೆ. ಕಾರಣ ಮುಂದೆ ಬರುತ್ತದೆ.

ಈ ಮೂರು ಹಂತ ಸರಿಯಾಗಿದ್ದರೆ ಪಠ್ಯಪುಸ್ತಕಗಳು ಮೂರು ಬೇರೆ ಬೇರೆ ‘ಮಾದರಿ’ಗಳೆಂದು ಕಲಿಸುವ ಲೆಕ್ಕಗಳು ಒಂದೇ ವಾಕ್ಯದ ಮೂರು ರೂಪಗಳಾಗಿ ಕಾಣುತ್ತವೆ.

240ರ ಶೇ 35 ಎಷ್ಟು? ಯ = 0.35 × 240, ಉತ್ತರ 84.
84 ಎಂಬುದು 240ರ ಶೇ ಎಷ್ಟು? 84 = (ಯ/100) × 240, ಉತ್ತರ 35.
84 ಎಂಬುದು ಯಾವ ಸಂಖ್ಯೆಯ ಶೇ 35? 84 = 0.35 ಯ, ಉತ್ತರ 240.

ಮೊದಲನೆಯದರಲ್ಲಿ ಗುಣಿಸಿದೆವು, ಮೂರನೆಯದರಲ್ಲಿ ಭಾಗಿಸಿದೆವು. ಯಾವಾಗ ಯಾವುದು ಎಂದು ಯೋಚಿಸಿದೆವೇ? ಇಲ್ಲ.

ಹಂತ 4: ಬಿಡಿಸಿ

ಇದು ಎಲ್ಲಕ್ಕಿಂತ ಸುಲಭದ ಹಂತ. ಯ ಇರುವ ಪದಗಳನ್ನೆಲ್ಲ ಒಂದು ಪಕ್ಷಕ್ಕೆ, ಬರಿಯ ಸಂಖ್ಯೆಗಳನ್ನು ಇನ್ನೊಂದು ಪಕ್ಷಕ್ಕೆ ತನ್ನಿ. ಕೂಡುವ ಪದ ಪಕ್ಷಾಂತರ ಮಾಡಿದರೆ ಕಳೆಯುವ ಪದವಾಗುತ್ತದೆ. ರಾಜಕೀಯದಲ್ಲೂ ಬಣ್ಣ ಬದಲಾಗುವುದು ಆಗಲೇ ಅಲ್ಲವೇ. ದಶಮಾಂಶ ಕಿರಿಕಿರಿ ಎನಿಸಿದರೆ ಎರಡೂ ಪಕ್ಷಗಳನ್ನು 100ರಿಂದ ಗುಣಿಸಿ ಪೂರ್ಣಾಂಕ ಮಾಡಿಕೊಳ್ಳಿ. ಶೇ 33⅓ ಬಂದರೆ 0.33 ಎಂದು ಕತ್ತರಿಸದೆ 1/3 ಎಂದೇ ಕೊನೆಯವರೆಗೂ ಇಟ್ಟುಕೊಳ್ಳಿ.

ಹಂತ 5: ಉತ್ತರವನ್ನು ಕತೆಗೆ ಹಾಕಿ ನೋಡಿ, ಸಮೀಕರಣಕ್ಕಲ್ಲ

ಸಮೀಕರಣವೇ ತಪ್ಪಾಗಿದ್ದರೆ ಅದಕ್ಕೆ ಉತ್ತರ ಹಾಕಿ ನೋಡುವುದು ಕಳ್ಳನನ್ನೇ ಸಾಕ್ಷಿ ಕೇಳಿದಂತೆ. ಅದು ‘ಸರಿ’ ಎಂದೇ ಹೇಳುತ್ತದೆ. ಮೇಲೆ ಪುಸ್ತಕದ ಲೆಕ್ಕದಲ್ಲಿ ಮಾಡಿದ ಹಾಗೆ ಲೆಕ್ಕದ ಮೂಲ ಮಾತುಗಳ ಮೊದಲ ಸಾಲಿನಿಂದ ಹೊರಟು ಕೊನೆಯ ಸಾಲಿಗೆ ತಲುಪುತ್ತೀರಾ ನೋಡಿ.

ಹಂತಗಳು ಇಷ್ಟೇ. ಇನ್ನು ಜನ ಪದೇ ಪದೇ ಎಡವುವ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸೋಣ.

ಹಿಂದಕ್ಕೆ ಹೋಗುವ ಲೆಕ್ಕ

ಶೇ 15ರಷ್ಟು ಇಳಿಸಿದ ಮೇಲೆ ಒಂದು ವಸ್ತುವಿನ ಬೆಲೆ 680 ಆಯಿತು. ಇಳಿಸುವ ಮೊದಲು ಎಷ್ಟಿತ್ತು?

ನನ್ನ ಬಳಿಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಹಲವರ ಉತ್ತರ 782: 680ರ ಶೇ 15 ಎಂದರೆ 102, ಅದನ್ನು ಕೂಡಿಸಿದರು. ಇಳಿಸಿದ್ದನ್ನು ಮತ್ತೆ ಏರಿಸಿದರೆ ಹಿಂದಿನ ಜಾಗಕ್ಕೆ ಬರಬೇಕಲ್ಲ ಎಂಬುದು ಅವರ ತರ್ಕ. ಆದರೆ 782ರಿಂದ ಶೇ 15 ಇಳಿಸಿ ನೋಡಿ: 664.70. ಹಿಂದಿನ ಜಾಗ ಸಿಗಲಿಲ್ಲ. ಶೇ 15 ಎಂಬುದು ಹಳೆಯ ಬೆಲೆಯ ಶೇಕಡಾ. ಅವರು ಹೊಸ ಬೆಲೆಯ ಶೇಕಡಾ ಕಂಡುಹಿಡಿದು ಕೂಡಿಸಿದ್ದರು.

ಯ = ಇಳಿಸುವ ಮೊದಲಿನ ಬೆಲೆ
0.85 ಯ = 680
ಯ = 680 ÷ 0.85 = 800

ಗುಣಕದಿಂದ ಗುಣಿಸಿ ಮುಂದೆ ಬಂದಿದ್ದರೆ ಅದೇ ಗುಣಕದಿಂದ ಭಾಗಿಸಿ ಹಿಂದಕ್ಕೆ ಹೋಗಬೇಕು. ಗುಣಕ ಕಾಪಾಡುತ್ತದೆ ಎಂದದ್ದು ಇದಕ್ಕೇ.

ಇದೇ ಕಾರಣಕ್ಕೆ ಶೇ 20 ಏರಿ ಶೇ 20 ಇಳಿದದ್ದು ಮೊದಲಿದ್ದಲ್ಲಿಗೆ ಬರುವುದಿಲ್ಲ: 1.2 × 0.8 = 0.96, ಶೇ 4 ನಷ್ಟ. ಶೇ 25ರ ಏರಿಕೆಯನ್ನು ಅಳಿಸಲು ಶೇ 20ರ ಇಳಿಕೆ ಸಾಕು, ಏಕೆಂದರೆ 1.25 × 0.8 = 1. ದ್ವಿಗುಣವಾದದ್ದನ್ನು ಹಿಂದಕ್ಕೆ ತರಲು ಬೇಕಾದದ್ದು ಶೇ 50ರ ಇಳಿಕೆ. ಮೇಲಿನ ಕೋಲುಗಳ ವಿಷಯವೂ ಇದೇ. ಮೊದಲನೆಯದು ಎರಡನೆಯದಕ್ಕಿಂತ ಶೇ 25 ಉದ್ದ, ಎರಡನೆಯದು ಮೊದಲನೆಯದಕ್ಕಿಂತ ಶೇ 20 ಗಿಡ್ಡ. ‘ಗಿಂತ’ದ ಹಿಂದಿನ ಪದ ಬದಲಾಯಿತು, ಮೂಲ ಬದಲಾಯಿತು, ಶೇಕಡಾವೂ ಬದಲಾಯಿತು.

ಒಂದರ ಮೇಲೊಂದು ಬದಲಾವಣೆಗಳಿದ್ದರೆ ಗುಣಕಗಳನ್ನು ಗುಣಿಸುತ್ತ ಹೋಗಿ, ಶೇಕಡಾಗಳನ್ನು ಎಂದೂ ಕೂಡಿಸಬೇಡಿ. ಎರಡು ವರ್ಷ ಒಂದೇ ದರದಲ್ಲಿ ಬೆಳೆದು 400 ಎಂಬುದು 576 ಆಯಿತು ಎನ್ನಿ. ಒಟ್ಟು ಏರಿಕೆ ಶೇ 44. ಅರ್ಧ ಮಾಡಿ ವರ್ಷಕ್ಕೆ ಶೇ 22 ಎನ್ನುವುದು ತಪ್ಪು. ಯ ಎಂಬುದು ವರ್ಷದ ಗುಣಕವಾದರೆ 400 × ಯ × ಯ = 576, ಅಂದರೆ ಯ × ಯ = 1.44, ಯ = 1.2. ಬೆಳವಣಿಗೆ ವರ್ಷಕ್ಕೆ ಶೇ 20.

ಮೂಲದೊಳಗೊಂದು ಮೂಲ

ಇಬ್ಬರು ಅಭ್ಯರ್ಥಿಗಳ ಚುನಾವಣೆಯಲ್ಲಿ ಚಲಾಯಿಸಿದ ಮತಗಳಲ್ಲಿ ಶೇ 5 ಅಸಿಂಧುವಾದವು. ಸಿಂಧುವಾದ ಮತಗಳಲ್ಲಿ ಗೆದ್ದವರಿಗೆ ಶೇ 56 ಬಂದು, ಅವರು 1,482 ಮತಗಳ ಅಂತರದಿಂದ ಗೆದ್ದರು. ಚಲಾಯಿಸಿದ ಒಟ್ಟು ಮತಗಳೆಷ್ಟು?

ಇದು ಉದ್ದವಾಗಿ ಕಾಣುವುದರಿಂದ ಜನ ಹೆದರುತ್ತಾರೆ. ‘ಯಾವುದರ’ ಎಂದು ಬರೆದುಕೊಂಡು ಬಂದರೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಶೇ 5: ಚಲಾಯಿಸಿದ ಮತಗಳ. ಶೇ 56: ಸಿಂಧುವಾದ ಮತಗಳ. ಚಲಾಯಿಸಿದ್ದು ಯ ಆದರೆ ಸಿಂಧುವಾದದ್ದು 0.95 ಯ. ಸೋತವರಿಗೆ ಅದರ ಶೇ 44, ಅಂತರ ಅದರ ಶೇ 12.

0.12 × 0.95 ಯ = 1,482
0.114 ಯ = 1,482
ಯ = 13,000

ಕತೆಗೆ ಹಾಕಿ: 650 ಅಸಿಂಧು, 12,350 ಸಿಂಧು. ಗೆದ್ದವರಿಗೆ 6,916, ಸೋತವರಿಗೆ 5,434. ಅಂತರ 1,482. ಇಲ್ಲಿನ ಸಾಮಾನ್ಯ ತಪ್ಪು ಅಂತರವನ್ನು ಶೇ 56 ಎಂದೇ ತೆಗೆದುಕೊಳ್ಳುವುದು, ಅಥವಾ 56ರಿಂದ 50 ಕಳೆದು ಶೇ 6 ಎನ್ನುವುದು.

ಬದಲಾಗದ್ದನ್ನು ಹಿಡಿಯಿರಿ

ಮಿಶ್ರಣದ ಲೆಕ್ಕಗಳಲ್ಲಿ ಶೇಕಡಾ ಬದಲಾಗುತ್ತದೆ, ಒಟ್ಟು ಬದಲಾಗುತ್ತದೆ, ಆದರೆ ಯಾವುದೋ ಒಂದು ವಸ್ತು ಕದಲದೆ ಕೂತಿರುತ್ತದೆ. ಸಮೀಕರಣವನ್ನು ಅದರ ಮೇಲೆ ಕಟ್ಟಿ.

ತೂಕದಲ್ಲಿ ಶೇ 20ರಷ್ಟು ಉಪ್ಪಿರುವ 60 ಕಿಲೋ ದ್ರಾವಣವಿದೆ. ಉಪ್ಪಿನ ಪಾಲು ಶೇ 15 ಆಗಬೇಕಾದರೆ ಎಷ್ಟು ನೀರು ಸೇರಿಸಬೇಕು? ನೀರು ಎಷ್ಟು ಸುರಿದರೂ ಉಪ್ಪು ಅಷ್ಟೇ, 12 ಕಿಲೋ. ಸೇರಿಸುವ ನೀರು ಯ ಆದರೆ ಒಟ್ಟು 60 + ಯ.

12 = 0.15 (60 + ಯ)
80 = 60 + ಯ
ಯ = 20 ಕಿಲೋ

ಆವರಣದೊಳಗಿನ ಯ ಮರೆತು 12 = 0.15 × 60 ಎಂದು ಬರೆದು ‘ಸರಿಹೊಂದುತ್ತಿಲ್ಲ’ ಎಂದು ಬರುವವರಿದ್ದಾರೆ. ನೀರು ಸೇರಿದ ಮೇಲೆ ಮೂಲವೂ ದೊಡ್ಡದಾಯಿತು.

ಈಗ ನನಗೆ ತುಂಬ ಇಷ್ಟವಾದ ಲೆಕ್ಕ. ಕಾಗದ ಮಾಡುವ ತಿರುಳು 100 ಕಿಲೋ ಇದೆ. ಅದರಲ್ಲಿ ಶೇ 99 ನೀರು, ಉಳಿದದ್ದು ನಾರು. ಸ್ವಲ್ಪ ನೀರನ್ನು ಬಸಿದಾಗ ನೀರಿನ ಪಾಲು ಶೇ 98ಕ್ಕೆ ಇಳಿಯಿತು. ಈಗ ಒಟ್ಟು ತೂಕವೆಷ್ಟು?

ಉತ್ತರ ಓದುವ ಮೊದಲು ಒಂದು ಅಂದಾಜು ಹೇಳಿ. 99 ಕಿಲೋ ಎಂದವರಿಗೆ ಜೊತೆಗಾರರು ಬಹಳ. ಒಂದೇ ಒಂದು ಶೇಕಡಾ ತಾನೇ ಇಳಿದದ್ದು! ಆದರೆ ಕದಲದೆ ಕೂತದ್ದು ನಾರು: ಮೊದಲೂ 1 ಕಿಲೋ, ಈಗಲೂ 1 ಕಿಲೋ. ನೀರು ಶೇ 98 ಎಂದರೆ ಈ 1 ಕಿಲೋ ನಾರು ಹೊಸ ತೂಕದ ಶೇ 2.

1 = 0.02 ಯ
ಯ = 50 ಕಿಲೋ

ತೂಕ ಅರ್ಧವಾಯಿತು. ನಂಬಿಕೆ ಬರದಿದ್ದರೆ ಕತೆಗೆ ಹಾಕಿ: 50 ಕಿಲೋದಲ್ಲಿ 49 ಕಿಲೋ ನೀರು, 49/50 ಎಂದರೆ ಶೇ 98. ನಾರಿನ ಕಡೆಯಿಂದ ನೋಡಿದರೆ ಬೆರಗೂ ಕಡಿಮೆಯಾಗುತ್ತದೆ. ಅದರ ಪಾಲು ಶೇ 1ರಿಂದ ಶೇ 2ಕ್ಕೆ, ಅಂದರೆ ಎರಡು ಪಟ್ಟಾಯಿತು. ನಾರು ಹೆಚ್ಚಾಗದೆ ಪಾಲು ಎರಡು ಪಟ್ಟಾಗಬೇಕಾದರೆ ಒಟ್ಟು ಅರ್ಧವಾಗಲೇಬೇಕು. ದೊಡ್ಡ ಶೇಕಡಾ ಕಣ್ಣಿಗೆ ರಾಚುವಾಗ ಪಕ್ಕದಲ್ಲಿ ಬಡಪಾಯಿಯಾಗಿ ಕೂತಿರುವ ಚಿಕ್ಕ ಶೇಕಡಾದ ಕಡೆಗೆ ತಿರುಗಿ ನೋಡುವುದು ಒಳ್ಳೆಯ ಅಭ್ಯಾಸ.

ಗುರಿ ಮುಟ್ಟುವ ಲೆಕ್ಕ

ಅಭ್ಯಾಸಕ್ಕೆ ಕೂತ ಒಬ್ಬ ವಿದ್ಯಾರ್ಥಿ 40 ಪ್ರಶ್ನೆಗಳಲ್ಲಿ ಶೇ 60ಕ್ಕೆ ಸರಿಯುತ್ತರ ಬರೆದಿದ್ದಾನೆ. ಇನ್ನು ಮುಂದಿನದೆಲ್ಲ ಸರಿಯಾಗುತ್ತದೆ ಎಂದಿಟ್ಟುಕೊಂಡರೆ, ಒಟ್ಟಾರೆ ಶೇ 70 ಮುಟ್ಟಲು ಕನಿಷ್ಠ ಎಷ್ಟು ಪ್ರಶ್ನೆ ಬಿಡಿಸಬೇಕು?

ಶೇ 10 ಕಡಿಮೆಯಿದೆ, 40ರ ಶೇ 10 ಎಂದರೆ 4, ಆದ್ದರಿಂದ 4 ಎಂದು ಹೇಳುವವರು ಮರೆಯುವುದು ಇದನ್ನು: ಮುಂದಿನ ಪ್ರತಿ ಪ್ರಶ್ನೆಯೂ ಸರಿಯುತ್ತರಗಳಿಗೂ ಸೇರುತ್ತದೆ, ಒಟ್ಟಿಗೂ ಸೇರುತ್ತದೆ. ಯ ಎರಡೂ ಪಕ್ಷಗಳಲ್ಲಿ ಬರಬೇಕು.

24 + ಯ = 0.7 (40 + ಯ)
24 + ಯ = 28 + 0.7 ಯ
0.3 ಯ = 4
ಯ = 13.33…

ಪ್ರಶ್ನೆಗಳು ತುಂಡಾಗಿ ಬರುವುದಿಲ್ಲ. 13.33 ಎಂಬುದನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು 13 ಎಂದರೆ ತಪ್ಪು. 13 ಬಿಡಿಸಿದರೆ 53ರಲ್ಲಿ 37, ಶೇ 69.8, ಗುರಿ ಕೂದಲೆಳೆಯಲ್ಲಿ ತಪ್ಪಿತು. 14 ಬಿಡಿಸಿದರೆ 54ರಲ್ಲಿ 38, ಶೇ 70.4. ಉತ್ತರ 14. ಸಮೀಕರಣ ಕೊಟ್ಟ ಸಂಖ್ಯೆಯನ್ನು ಮೇಲಕ್ಕೆ ಏರಿಸಬೇಕೋ ಕೆಳಕ್ಕೆ ಇಳಿಸಬೇಕೋ ಎಂಬುದನ್ನು ಮಾತ್ರ ಲೆಕ್ಕದ ಕತೆಯೇ ಹೇಳಬೇಕು.

ಇನ್ನೆರಡು ಗುಂಡಿಗಳು

ಶೇಕಡಾಗಳ ಸರಾಸರಿ ತೆಗೆಯಬೇಡಿ. 40 ಮಂದಿಯ ತರಗತಿಯಲ್ಲಿ ಶೇ 90, 60 ಮಂದಿಯ ತರಗತಿಯಲ್ಲಿ ಶೇ 70 ಉತ್ತೀರ್ಣರಾದರೆ ಒಟ್ಟು ಫಲಿತಾಂಶ ಶೇ 80 ಅಲ್ಲ. 36 + 42 = 78 ಮಂದಿ, ನೂರರಲ್ಲಿ 78. ಮೂಲಗಳು ಸಮವಾಗಿದ್ದಾಗ ಮಾತ್ರ ಸರಾಸರಿ ನಡೆಯುತ್ತದೆ.

ಶೇಕಡಾವೇ ಬದಲಾದಾಗ ಮಾತಿನಲ್ಲಿ ಎಚ್ಚರವಿರಲಿ. ಫಲಿತಾಂಶ ಶೇ 40ರಿಂದ ಶೇ 50ಕ್ಕೆ ಏರಿದರೆ ವ್ಯತ್ಯಾಸ 10 ಪರ್ಸೆಂಟೇಜ್ ಪಾಯಿಂಟ್, ಅಂದರೆ ಎರಡು ಶೇಕಡಾಗಳ ನಡುವಿನ ನೇರ ಅಂತರ. ಆದರೆ 40 ಎಂಬ ಮೂಲದ ಲೆಕ್ಕದಲ್ಲಿ ಅದು ಶೇ 25ರ ಏರಿಕೆ. ಎರಡೂ ನಿಜ. ಲೆಕ್ಕ ಕೇಳಿದ್ದು ಯಾವುದನ್ನು ಎಂಬುದನ್ನು ನೋಡಿಕೊಳ್ಳಿ.

ಕೈ ಪಳಗಿಸಲು ನಾಲ್ಕು

1. ಪುಸ್ತಕದ ಶೇ 35 ಓದಿದ ಮೇಲೆ 208 ಪುಟ ಉಳಿದಿದೆ. ಒಟ್ಟು ಪುಟಗಳೆಷ್ಟು?

2. ಒಂದು ಸಂಖ್ಯೆಯ ಶೇ 40ಕ್ಕೆ 42 ಕೂಡಿಸಿದರೆ ಅದೇ ಸಂಖ್ಯೆಯ ಶೇ 75 ಆಗುತ್ತದೆ. ಆ ಸಂಖ್ಯೆ ಯಾವುದು?

3. ಆಯತದ ಉದ್ದವನ್ನು ಶೇ 20ರಷ್ಟು ಹೆಚ್ಚಿಸಲಾಗಿದೆ. ವಿಸ್ತೀರ್ಣ ಮೊದಲಿನಷ್ಟೇ ಇರಬೇಕಾದರೆ ಅಗಲವನ್ನು ಶೇ ಎಷ್ಟರಷ್ಟು ಇಳಿಸಬೇಕು?

4. ಶೇ 10ರ ಉಪ್ಪಿನ ದ್ರಾವಣವನ್ನೂ ಶೇ 30ರ ದ್ರಾವಣವನ್ನೂ ಬೆರೆಸಿ ಶೇ 25ರ 40 ಕಿಲೋ ದ್ರಾವಣ ಮಾಡಬೇಕು. ಶೇ 10ರದ್ದು ಎಷ್ಟು ಬೇಕು?

ಉತ್ತರಗಳು: 320 ಪುಟ, 120, ಶೇ 16⅔, 10 ಕಿಲೋ. ಮೂರನೆಯದಕ್ಕೆ ಶೇ 20 ಎಂದು ಬಂದಿದ್ದರೆ 680ರ ಲೆಕ್ಕಕ್ಕೆ ಹಿಂದಿರುಗಿ. ನಾಲ್ಕನೆಯದರಲ್ಲಿ ಸಮೀಕರಣವೇ ಹೊಳೆಯದಿದ್ದರೆ ಶೇ 30ರ ದ್ರಾವಣವನ್ನು 40 − ಯ ಎಂದು ಬರೆದು, ಎರಡರಲ್ಲೂ ಇರುವ ಉಪ್ಪನ್ನು ಕೂಡಿಸಿ 10 ಕಿಲೋಗೆ ಸಮ ಮಾಡಿ.